ನಾಲ್ಕು ನಗರಗಳ ‘ಕಿಂಗ್ಸ್’

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ತಂಡವೆಂಬುದು ಊರಿನ ಆಸ್ತಿಯಲ್ಲ, ಮಾಲೀಕನ ಆಸ್ತಿ. ಲೀಗ್‌ನಲ್ಲಿ ತಂಡ ನಡೆಸುವ ಹಕ್ಕನ್ನು, ಅಂದರೆ ಐಪಿಎಲ್‌ನಿಂದಾಗಿ ಕನ್ನಡಿಗರಿಗೂ ಪರಿಚಿತವಾಗಿರುವ ‘ಫ್ರಾಂಚೈಸಿ’ಯನ್ನು ಕೊಂಡವನು, ಇತರ ಮಾಲೀಕರ ಒಪ್ಪಿಗೆ ದೊರೆತರೆ, ತಂಡವನ್ನು ಬೇರೊಂದು ನಗರಕ್ಕೆ ಸಾಗಿಸಬಹುದು. ಈ ವ್ಯವಸ್ಥೆಯ ಗುಣದೋಷಗಳೆರಡನ್ನೂ ಅರಿಯಲು ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ಕಿಂಗ್ಸ್ ತಂಡದ ಚರಿತ್ರೆಯೊಂದೇ ಸಾಕು.

ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಲೆಸ್ ಹ್ಯಾರಿಸನ್ ನಡೆಸುತ್ತಿದ್ದ ಅರೆವೃತ್ತಿಪರ ತಂಡವು 1945ರಲ್ಲಿ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಸೇರಿ ‘ರಾಯಲ್ಸ್’ ಎಂಬ ಹೆಸರಿನಲ್ಲಿ ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದಿತು. ಆ ಲೀಗ್ ಮತ್ತೊಂದು ಲೀಗ್‌ನೊಡನೆ ಕೂಡಿ 1949ರಲ್ಲಿ ಇಂದಿನ ವೃತ್ತಿಪರ ಲೀಗ್ ಆದ ಎನ್‌ಬಿಎ ರೂಪುಗೊಂಡ ಮೇಲೆ, 1951ರ ಫೈನಲ್ ಸರಣಿಯಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೊದಲ ಮೂರು ಪಂದ್ಯ ಗೆದ್ದು, ಮುಂದಿನ ಮೂರನ್ನು ಸೋತು, ಏಳನೆಯದರಲ್ಲಿ ಹೇಗೋ ದಡ ಸೇರಿತು. ಆದರೆ ಸಣ್ಣ ನಗರದ ಟಿಕೆಟ್ ಹಣದಿಂದ ರಾಷ್ಟ್ರಮಟ್ಟದ ತಂಡವನ್ನು ಸಾಕುವುದು ಕಷ್ಟವಾಗಿ, 1957ರಲ್ಲಿ ರಾಯಲ್ಸ್ ಸಿನ್ಸಿನಾಟಿಗೆ ಹೊರಟುಹೋಯಿತು.

ಅಲ್ಲಿ ಮೊದಲ ಋತು ಮುಗಿಯುವ ಹೊತ್ತಿಗೇ, 1958ರ ಮಾರ್ಚ್‌ನಲ್ಲಿ, ತಂಡದ ಶ್ರೇಷ್ಠ ಆಟಗಾರ ಮಾರಿಸ್ ಸ್ಟೋಕ್ಸ್ ಅಂಕಣದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಕೆಲವೇ ದಿನಗಳಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಈ ಕಪ್ಪುವರ್ಣೀಯ ಆಟಗಾರನಿಗೆ ಬಿಳಿಯ ಸಹ ಆಟಗಾರ ಜ್ಯಾಕ್ ಟ್ವೈಮನ್ ಕಾನೂನುಬದ್ಧ ಪೋಷಕರಾಗಿ ನಿಂತು, 1970ರಲ್ಲಿ ಸ್ಟೋಕ್ಸ್ ತೀರಿಕೊಳ್ಳುವವರೆಗೂ ಚಿಕಿತ್ಸೆಗೆ ಹಣ ಹೊಂದಿಸಿದರು. ಈ ತಂಡದ ಚರಿತ್ರೆಯಲ್ಲಿ ಯಾವ ಗೆಲುವಿಗಿಂತಲೂ ಹೆಚ್ಚಿನ ಸ್ಥಾನ ಈ ಸ್ನೇಹಕ್ಕೆ ಸಲ್ಲಬೇಕು. 1960ರಲ್ಲಿ ಬಂದ ಆಸ್ಕರ್ ರಾಬರ್ಟ್‌ಸನ್ 1961–62ರ ಋತುವಿಡೀ ಪಂದ್ಯಕ್ಕೆ ಸರಾಸರಿ 30.8 ಅಂಕ, 12.5 ರಿಬೌಂಡ್ (ಗುರಿ ತಪ್ಪಿ ಹಿಂಪುಟಿದ ಚೆಂಡನ್ನು ವಶಪಡಿಸಿಕೊಳ್ಳುವುದು) ಮತ್ತು 11.4 ಅಸಿಸ್ಟ್ (ಸಹ ಆಟಗಾರನ ಬುಟ್ಟಿಗೆ ನೆರವಾಗುವ ಪಾಸ್) ಗಳಿಸಿ, ಮೂರು ವಿಭಾಗಗಳಲ್ಲೂ ಎರಡಂಕಿಯ ಸರಾಸರಿ ಸಾಧಿಸಿದ ಮೊದಲ ಆಟಗಾರರಾದರು. ಆದರೂ ಪ್ರಶಸ್ತಿ ದಕ್ಕಲಿಲ್ಲ.

1972ರಲ್ಲಿ ಕಾನ್ಸಾಸ್ ಸಿಟಿಗೆ ಸ್ಥಳಾಂತರಗೊಂಡಾಗ ಆ ನಗರದ ಬೇಸ್‌ಬಾಲ್ ತಂಡಕ್ಕೆ ಆಗಲೇ ‘ರಾಯಲ್ಸ್’ ಎಂಬ ಹೆಸರಿದ್ದುದರಿಂದ ತಂಡವು ‘ಕಿಂಗ್ಸ್’ ಆಯಿತು. 1985ರಲ್ಲಿ ಸ್ಯಾಕ್ರಮೆಂಟೊ ಸೇರಿತು. ಕ್ರಿಸ್ ವೆಬರ್, ವ್ಲಾಡೆ ಡಿವಾಕ್ ಮುಂತಾದವರ ಸೊಗಸಾದ ಪಾಸಿಂಗ್ ಆಟದಿಂದ ಹೆಸರಾದ ತಂಡ 2002ರಲ್ಲಿ ಪಶ್ಚಿಮ ವಿಭಾಗದ ಫೈನಲ್‌ನ ಏಳನೆಯ ಪಂದ್ಯದಲ್ಲಿ ಲೇಕರ್ಸ್ ತಂಡಕ್ಕೆ ಮಣಿಯಿತು. 2013ರಲ್ಲಿ ಮಾಲೀಕ ಕುಟುಂಬವು ತಂಡವನ್ನು ಸಿಯಾಟಲ್‌ನ ಗುಂಪಿಗೆ ಮಾರಲು ಒಪ್ಪಿದಾಗ, ಸ್ವತಃ ಎನ್‌ಬಿಎ ಆಟಗಾರರಾಗಿದ್ದ ಸ್ಯಾಕ್ರಮೆಂಟೊ ಮೇಯರ್ ಕೆವಿನ್ ಜಾನ್ಸನ್ ಪ್ರತಿಖರೀದಿದಾರರನ್ನು ಕಲೆಹಾಕಿದರು. ಲೀಗ್‌ನ ಮಾಲೀಕರು ಸಿಯಾಟಲ್‌ಗೆ ಸ್ಥಳಾಂತರವನ್ನು 22–8 ಮತಗಳಿಂದ ತಿರಸ್ಕರಿಸಿದ್ದರಿಂದ, ಮುಂಬೈ ಮೂಲದ ಉದ್ಯಮಿ ವಿವೇಕ್ ರಣದಿವೆ ನೇತೃತ್ವದ ಗುಂಪಿಗೆ ತಂಡ ದೊರೆಯಿತು. ಇದಕ್ಕೆ ಪ್ರತಿಯಾಗಿ ನಗರವು 2016ರಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ದೊಡ್ಡ ಮೊತ್ತದ ಸಾರ್ವಜನಿಕ ಹಣ ತೆರಬೇಕಾಯಿತೆಂಬುದನ್ನು ಅಭಿಮಾನದ ಕಥನಗಳು ಸಾಮಾನ್ಯವಾಗಿ ಮರೆಮಾಚುತ್ತವೆ. 2019ರ ಅಕ್ಟೋಬರ್‌ನಲ್ಲಿ ಭಾರತದ ನೆಲದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು ರಣದಿವೆಯವರ ತವರಾದ ಮುಂಬೈಯಲ್ಲಿ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ನಡುವಿನವು. ಎರಡರಲ್ಲೂ ಕಿಂಗ್ಸ್ ಸೋತಿತು.

ಸತತ 16 ಋತುಗಳ ಕಾಲ ಪ್ಲೇಆಫ್, ಅಂದರೆ ನಾಕೌಟ್ ಹಂತದ ಸರಣಿಗಳನ್ನು ಕಾಣದೆ ದಾಖಲೆ ಬರೆದಿದ್ದ ತಂಡ 2023ರಲ್ಲಿ ಅಲ್ಲಿಗೆ ಮರಳಿತಾದರೂ ಮೊದಲ ಸುತ್ತಿನಲ್ಲೇ ಹೊರಬಿತ್ತು. ಹೀಗೆ ನಾಲ್ಕು ನಗರ ಕಂಡರೂ, ರೋಚೆಸ್ಟರ್ ಬಿಟ್ಟ ಮೇಲೆ ಈ ತಂಡ ಒಮ್ಮೆಯೂ ಎನ್‌ಬಿಎ ಫೈನಲ್ ತಲುಪಿಲ್ಲ.