ಪಕ್ಕದ ಬೆಂಚಿನ ಮೇಷ್ಟ್ರು

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು? ಭಿನ್ನರಾಶಿ ಹೊಸದಾಗಿ ಕಲಿಯುತ್ತಿರುವ ಎಷ್ಟೋ ಮಕ್ಕಳು ಇದಕ್ಕೆ 2/5 ಎಂದು ಬರೆಯುತ್ತಾರೆ. ಮೇಲಿನ ಒಂದಕ್ಕೆ ಒಂದು ಸೇರಿ ಎರಡು, ಕೆಳಗಿನ ಎರಡಕ್ಕೆ ಮೂರು ಸೇರಿ ಐದು. ಇಂಥ ಮಗುವಿಗೆ ಎರಡು ಬಗೆಯಲ್ಲಿ ನೆರವಾಗಬಹುದು. ‘ಉತ್ತರ 5/6, ಬರ್ಕೋ’ ಎನ್ನುವುದು ಒಂದು. ‘ನಿನ್ನ ತಟ್ಟೇಲಿ ಅರ್ಧ ರೊಟ್ಟಿ ಇತ್ತು. ಅದಕ್ಕೆ ಇನ್ನೊಂದು ಚೂರು ಹಾಕ್ದೆ. ಐದರಲ್ಲಿ ಎರಡು ಭಾಗ ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಹಾಕಿದ್ಮೇಲೆ ಕಮ್ಮಿ ಆಗೋದು ಹೆಂಗೋ?’ ಎಂದು ಕೇಳುವುದು ಇನ್ನೊಂದು. ಈ ಪ್ರಶ್ನೆ ಕಿವಿಗೆ ಬಿದ್ದ ಮಗು ಪೆನ್ಸಿಲನ್ನು ಕೆಳಗಿಟ್ಟು ಒಂದು ಕ್ಷಣ ಸುಮ್ಮನಾಗುತ್ತದೆ. ಕಲಿಕೆ ನಡೆಯುವುದು ಆ ಸುಮ್ಮನಿರುವ ಹೊತ್ತಿನಲ್ಲಿ.

ಮಕ್ಕಳೇ ಮಕ್ಕಳಿಗೆ ಹೀಗೆ ನೆರವಾಗುವ ಕೆಲಸ ಈಗ ಮೊಬೈಲಿನಲ್ಲೂ ನಡೆಯುತ್ತಿದೆ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ 2009ರಲ್ಲಿ ಶುರುವಾದ ಬ್ರೈನ್ಲಿ ಎಂಬ ಜಾಲತಾಣ ಇದಕ್ಕೆ ಒಳ್ಳೆಯ ಉದಾಹರಣೆ. ಒಬ್ಬ ವಿದ್ಯಾರ್ಥಿ ಹೋಮ್‌ವರ್ಕಿನ ಪ್ರಶ್ನೆ ಹಾಕುತ್ತಾನೆ, ಎಲ್ಲೋ ಇರುವ ಇನ್ನೊಬ್ಬಳು ಉತ್ತರ ಬರೆಯುತ್ತಾಳೆ. ಉತ್ತರ ಬರೆದವರಿಗೆ ಅಂಕ ಸಿಗುತ್ತದೆ. ಪ್ರಶ್ನೆ ಕೇಳಬೇಕಾದಾಗ ಆ ಅಂಕವೇ ಖರ್ಚಿಗೆ ಬರುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕ ಇದು: ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆದರೆ ಅಂಕದ ಆಸೆಗೆ ಎಲ್ಲಿಂದಲೋ ನಕಲು ತಂದು ಅಂಟಿಸುವವರೂ ಇದ್ದೇ ಇರುತ್ತಾರೆ. ಆದ್ದರಿಂದ ಅಂಥ ಉತ್ತರಗಳನ್ನು ಅಳಿಸಲು ಕಾವಲಿನವರನ್ನೂ ಇಡಬೇಕಾಯಿತು.

ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಉಪಾಯ ಇಂಟರ್‌ನೆಟ್ಟಿಗಿಂತ ಬಹಳ ಹಳೆಯದು, ಅದರ ಒಂದು ಬೇರು ಇರುವುದು ನಮ್ಮ ದಕ್ಷಿಣ ಭಾರತದಲ್ಲಿ. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಲ್ಲಿ ಮದ್ರಾಸಿನ ಎಗ್ಮೋರ್‌ನಲ್ಲಿದ್ದ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದ. ಒಂದು ದಿನ ದಾರಿಯಲ್ಲಿ ಹೋಗುವಾಗ ದೇಸಿ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡ. ತನ್ನ ಶಾಲೆಯಲ್ಲೂ ಹಾಗೇ ಕಲಿಸಿ ಎಂದರೆ ಅಲ್ಲಿನ ಉಪಾಧ್ಯಾಯರು ಒಪ್ಪಲಿಲ್ಲ. ಬೆಲ್ ಆ ಕೆಲಸವನ್ನು ಎಂಟರ ಆಸುಪಾಸಿನ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ವಹಿಸಿದ. ಹುಡುಗ ಗೆದ್ದ. ಬೆಲ್ ತನ್ನ ಅನುಭವವನ್ನು 1797ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದ ಮೇಲೆ, ಮಕ್ಕಳೇ ಮಕ್ಕಳಿಗೆ ಕಲಿಸುವ ಈ ‘ಮದ್ರಾಸ್ ಪದ್ಧತಿ’ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಶಾಲೆಯೊಂದಕ್ಕೆ ಇವತ್ತಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು. ನಮ್ಮ ಹಳೆಯ ಶಾಲೆಗಳಲ್ಲಿ ಕಿರಿಯರಿಗೆ ಮಗ್ಗಿ ಹೇಳಿಕೊಡುತ್ತಿದ್ದ ಹಿರೇಮಣಿಯನ್ನು ಬಲ್ಲ ಅಜ್ಜಂದಿರಿಗೆ ಇದರಲ್ಲಿ ಹೊಸದೇನೂ ಕಾಣದು.

ಮಕ್ಕಳು ಹೇಳಿದ್ದು ಮಕ್ಕಳಿಗೆ ಬೇಗ ತಲೆಗೆ ಹತ್ತುವುದು ಏಕೆ? ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ತಮ್ಮ ತರಗತಿಯಲ್ಲಿ ಪಾಠವನ್ನು ನಡುವೆ ನಿಲ್ಲಿಸಿ, ವಿದ್ಯಾರ್ಥಿಗಳು ಪಕ್ಕದವರ ಜೊತೆ ವಾದಿಸಲು ಬಿಡುತ್ತ ಬಂದರು. ಅವರು ಕೊಡುವ ಕಾರಣ ಸರಳ. ವಿಷಯವನ್ನು ಈಗಷ್ಟೇ ಅರಗಿಸಿಕೊಂಡವನಿಗೆ ತಾನು ಎಡವಿದ ಕಲ್ಲು ಎಲ್ಲಿತ್ತೆಂದು ಗೊತ್ತಿರುತ್ತದೆ. ಆ ದಾರಿಯಲ್ಲಿ ಹತ್ತಾರು ವರ್ಷ ನಡೆದ ಮೇಷ್ಟ್ರಿಗೆ ಕಲ್ಲು ಇತ್ತೆಂಬುದೇ ಮರೆತುಹೋಗಿರುತ್ತದೆ.

ಕಲಿಸುವವರಿಗೂ ಇದರಲ್ಲಿ ಲಾಭವಿದೆ. ಆನ್‌ಲೈನ್ ಪಾಠಗಳ ಖಾನ್ ಅಕಾಡೆಮಿಯ ಸಲ್ಮಾನ್ ಖಾನ್ ಕೋವಿಡ್ ಕಾಲದಲ್ಲಿ, 2020ರಲ್ಲಿ ಸ್ಕೂಲ್‌ಹೌಸ್ ಎಂಬ ಉಚಿತ ವ್ಯವಸ್ಥೆ ಕಟ್ಟಿದರು. ಅಲ್ಲಿ ವಿಡಿಯೊ ಕರೆಯ ಮೂಲಕ ಸಣ್ಣ ಗುಂಪುಗಳಿಗೆ ಪಾಠ ಹೇಳುವವರಲ್ಲಿ ಹೆಚ್ಚಿನವರು ಹೈಸ್ಕೂಲಿನ ಮಕ್ಕಳು. ಕಲಿಸಲು ಬಯಸುವವರು ಮೊದಲು ಆ ಪಾಠದ ಪರೀಕ್ಷೆ ಬರೆಯಬೇಕು. ಬರೆಯುವಾಗ ಪ್ರತಿ ಹೆಜ್ಜೆಯನ್ನೂ ಏಕೆ ಇಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುತ್ತ ಧ್ವನಿಯನ್ನೂ ಪರದೆಯನ್ನೂ ದಾಖಲಿಸಬೇಕು. ಬೇರೆ ವಿದ್ಯಾರ್ಥಿಗಳು ಅದನ್ನು ನೋಡಿ ಒಪ್ಪಿದರೆ ಮಾತ್ರ ಮುಂದಿನ ಮಾತು. ಶಿಕಾಗೊ ವಿಶ್ವವಿದ್ಯಾಲಯ, ಎಂಐಟಿಯಂಥ ಸಂಸ್ಥೆಗಳು ಪ್ರವೇಶದ ವೇಳೆ ಹೀಗೆ ಕಲಿಸಿದ್ದರ ದಾಖಲೆಯನ್ನು ಪರಿಗಣಿಸುತ್ತವೆ. ಲೆಕ್ಕ ಸರಿಯಾಗಿ ಮಾಡುವುದು ಒಂದು, ಅದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದು ಅದಕ್ಕಿಂತ ದೊಡ್ಡದು ಎಂಬುದಕ್ಕೆ ಇಲ್ಲಿ ನಿಜವಾದ ಬೆಲೆಯಿದೆ.

ಇತಿಹಾಸದ ಮಾತು ಬೇರೆ. ಗಣಿತದಲ್ಲಿ ಗೆಳೆಯ ತಪ್ಪು ಹೇಳಿದರೆ ತಾಳೆ ನೋಡಿ ಹಿಡಿಯಬಹುದು. ಮೊದಲನೆಯ ಮಹಾಯುದ್ಧ ಏಕೆ ಶುರುವಾಯಿತು ಎಂದು ಕೇಳಿದರೆ ‘ಆಸ್ಟ್ರಿಯದ ಯುವರಾಜನನ್ನು ಕೊಂದದ್ದಕ್ಕೆ’ ಎಂಬ ಒಂದೇ ಸಾಲು ಬಂದುಬಿಡುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಯುವರಾಜ ಫ್ರಾಂಜ್ ಫರ್ಡಿನಾಂಡ್ ಸರಯೇವೊದಲ್ಲಿ ಕೊಲೆಯಾದದ್ದು 1914ರ ಜೂನ್ 28ರಂದು. ಆಸ್ಟ್ರಿಯ ಸರ್ಬಿಯದ ಮೇಲೆ ಯುದ್ಧ ಸಾರಿದ್ದು ಜುಲೈ 28ರಂದು. ‘ನಡುವಿನ ಒಂದು ತಿಂಗಳು ಏನಾಯ್ತು?’ ಎಂದು ಕೇಳುವ ಗೆಳತಿಯೊಬ್ಬಳಿದ್ದರೆ ಸಾಕು, ಆಸ್ಟ್ರಿಯಕ್ಕೆ ಜರ್ಮನಿ ಕೊಟ್ಟ ಭರವಸೆ, ಸರ್ಬಿಯದ ಬೆನ್ನಿಗೆ ನಿಂತ ರಷ್ಯ, ರಷ್ಯಕ್ಕೆ ಮಾತು ಕೊಟ್ಟಿದ್ದ ಫ್ರಾನ್ಸ್ ಎಲ್ಲ ಒಂದೊಂದಾಗಿ ಹೊರಬರುತ್ತವೆ. ಅದೇ ಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತೆಂದು ತಿಳಿದರೆ, ದೂರದ ಯುರೋಪಿನ ಪಾಠ ನಮ್ಮ ಮಕ್ಕಳಿಗೆ ಮನೆಯ ಕಥೆಯಾಗುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟು ಬೇಕು: ‘ಇದು ಯಾವ ಪುಸ್ತಕದಲ್ಲಿದೆ?’ ಎಂದು ಕೇಳದೆ ಯಾರ ಉತ್ತರವನ್ನೂ ನೋಟ್ಸಿಗೆ ಇಳಿಸಬಾರದು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಉತ್ತರ ಕ್ಷಣದಲ್ಲಿ ಸಿಗುತ್ತದೆ. ಆದರೆ ಯಂತ್ರಕ್ಕೆ ವಿವರಿಸಬೇಕಾದ ಕಷ್ಟ ಯಾವ ಮಗುವಿಗೂ ಇಲ್ಲ. ಗೆಳತಿಗೆ ವಿವರಿಸುವಾಗ ಆ ಕಷ್ಟ ಇರುತ್ತದೆ, ಉಳಿಯುವ ಕಲಿಕೆ ಅದರಿಂದಲೇ ಬರುತ್ತದೆ.

ದುಬಾರಿ ಕೋಚಿಂಗ್ ಕೈಗೆಟುಕದ ಕನ್ನಡ ಮಾಧ್ಯಮದ ಮಕ್ಕಳಿಗೆ ತರಗತಿಯ ವಾಟ್ಸ್ಆ್ಯಪ್ ಗುಂಪೂ ಇಂಥದೊಂದು ಶಾಲೆಯಾಗಬಲ್ಲದು. ಅಲ್ಲಿ ‘ಆನ್ಸರ್ ಕಳ್ಸು’ ಎನ್ನುವ ಬದಲು ‘ಇಲ್ಲಿವರೆಗೆ ಮಾಡ್ದೆ, ಈ ಸಾಲಲ್ಲಿ ನಿಂತ್ಕೊಂಡೆ’ ಎಂದು ಹಾಳೆಯ ಫೋಟೊ ಹಾಕುವ ರೂಢಿಯನ್ನು ಮೇಷ್ಟ್ರುಗಳೇ ಬೆಳೆಸಬೇಕು. ತಾಯಂದಿರಲ್ಲಿ, ತಂದೆಯರಲ್ಲಿ ಒಂದು ವಿನಂತಿ. ರಾತ್ರಿ ಒಂಬತ್ತಕ್ಕೆ ಮಗಳು ಫೋನ್ ಹಿಡಿದು ಮಾತಾಡುತ್ತಿದ್ದರೆ, ಕಸಿದುಕೊಳ್ಳುವ ಮೊದಲು ಬಾಗಿಲಲ್ಲೇ ಒಂದು ನಿಮಿಷ ನಿಂತು ಕೇಳಿಸಿಕೊಳ್ಳಿ. ಅವಳು ಯಾರಿಗೋ ಅರ್ಧ ರೊಟ್ಟಿಯ ಲೆಕ್ಕ ಹೇಳಿಕೊಡುತ್ತಿರಬಹುದು.