ತುಷ್ಟಿಗುಣದ ತಕ್ಕಡಿ ಎಲ್ಲಿದೆ?

ಪಿ.ಯು.ಸಿ.ಯಲ್ಲಿ ಕನ್ನಡದಲ್ಲಿ ಓದಿದ ‘ತುಷ್ಟಿಗುಣ’, ನಾನು ಪುಣೆಗೆ ಬಂದು ಬಿ.ಕಾಂ. ಸೇರಿದ ಮೇಲೆ ‘ಯುಟಿಲಿಟಿ’ ಆಯಿತು. ಹೆಸರು ಬದಲಾದರೂ ಸಂಶಯ ಹಾಗೇ ಉಳೀತು. ತೃಪ್ತಿಯನ್ನು ತೂಗೋ ತಕ್ಕಡಿ ಎಲ್ಲಿದೆ? ಪುಸ್ತಕದಲ್ಲಿ ಕೋಷ್ಟಕ ಇದೆ, ರೇಖೆ ಇದೆ, ತಕ್ಕಡಿ ಮಾತ್ರ ಇಲ್ಲ. ಅದರ ಒಂದು ಭಾಗವಾದರೂ ನಮ್ಮ ಹಣೆಯ ಹಿಂದೆ, ಕಣ್ಣುಗೂಡಿನ ಮೇಲ್ಗಡೆಯ ಮಿದುಳಿನಲ್ಲಿದೆ ಎನ್ನುತ್ತಾರೆ ವಿಜ್ಞಾನಿಗಳು.

ಇಲ್ಲಿಯ ಬಿಸಿಲಲ್ಲಿ ಒಂದು ರಸವಂತಿ ಗೃಹದ ಮುಂದೆ ನಿಂತಿದ್ದೀರಿ ಅಂತ ತಿಳಿಯಿರಿ. ಒಂದು ಲೋಟ ಮೊಸಂಬಿ ರಸವೋ, ಎರಡು ಲೋಟ ಕಬ್ಬಿನ ಹಾಲೋ? ರುಚಿ ಬೇರೆ, ಅಳತೆ ಬೇರೆ. ಆದರೂ ಕ್ಷಣದಲ್ಲಿ ಆರಿಸ್ತೀರಿ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಪಾದೋವಾ-ಸ್ಕಿಯೋಪ್ಪಾ ಮತ್ತು ಅಸ್ಸಾದ್ ಎಂಬುವರು ಇಂಥದೇ ಆಯ್ಕೆಯನ್ನು ಕೋತಿಗಳ ಮುಂದಿಟ್ಟು, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ರಸದ ಒಂದು ಹನಿ, ಎರಡನೆಯದರ ಮೂರು ಹನಿ ಇಟ್ಟಾಗ ಕೋತಿ ಒಮ್ಮೆ ಅದು, ಒಮ್ಮೆ ಇದು ಎನ್ನತೊಡಗಿದರೆ, ಅದರ ಪಾಲಿಗೆ ಒಂದು ಹನಿ ಮೂರು ಹನಿಗೆ ಸಮ. ನಮ್ಮ ಉದಾಸೀನ ರೇಖೆಯೂ ಇದನ್ನೇ ಅಲ್ಲವೇ ಹೇಳೋದು?

ಅದೇ ಹೊತ್ತಿಗೆ ನರಕೋಶಗಳ ಮಿಡಿತವನ್ನೂ ಅವರು ದಾಖಲಿಸಿದರು. ಕೆಲವು ಕೋಶಗಳ ಮಿಡಿತ ಮುಂದಿಟ್ಟ ಒಂದು ರಸದ ಬೆಲೆಗೆ ತಕ್ಕಂತೆ ಬದಲಾಗುತ್ತಿತ್ತು. ಕೆಲವು, ಆರಿಸಿದ್ದು ಯಾವ ರಸವೇ ಇರಲಿ, ಅದರ ಬೆಲೆಯನ್ನಷ್ಟೇ ಹೇಳುತ್ತಿದ್ದವು. ಇನ್ನು ಕೆಲವು, ಆರಿಸಿದ್ದು ಯಾವ ರಸ ಎಂಬುದನ್ನು. ರಸ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದಕ್ಕೆ ಅವಕ್ಕೆ ಲೆಕ್ಕವಿಲ್ಲ. ಅಂದ್ರೆ ಜೋಳಕ್ಕೂ ಬಟ್ಟೆಗೂ ರೂಪಾಯಿ ಹೇಗೋ, ಹಾಗೆ ಮಿದುಳಿಗೂ ಒಂದು ನಾಣ್ಯವಿದೆ.

ಈ ನಾಣ್ಯದ ಬೆಲೆ ಸ್ಥಿರವಲ್ಲ. 1989ರಲ್ಲಿ ಎಡ್ಮಂಡ್ ರೋಲ್ಸ್ ಮತ್ತು ಸಂಗಡಿಗರು ಕೋತಿಗೆ ಸಾಕುಸಾಕೆನ್ನುವಷ್ಟು ಸಿಹಿನೀರು ಕುಡಿಸಿ ನೋಡಿದರು. ಹೊಟ್ಟೆ ತುಂಬುತ್ತಾ ಬಂದ ಹಾಗೆ, ಆ ಸಿಹಿಗೆ ಇದೇ ಭಾಗದ ಕೋಶಗಳ ಮಿಡಿತ ಇಳಿಯುತ್ತಾ ಹೋಯಿತು. ಸೀಮಾಂತ ತುಷ್ಟಿಗುಣ ಇಳಿಕೆಯ ನಿಯಮ ಅಂತ ನಾವು ಪರೀಕ್ಷೆಗೆ ಉರು ಹೊಡೆದದ್ದು ಇದೇ ನೋಡ್ರಿ!

ಈ ತಕ್ಕಡಿ ಕೆಟ್ಟರೆ? ಅಮೆರಿಕದ ನರವೈದ್ಯ ಆಂಟೋನಿಯೋ ದಮಾಸಿಯೋ 1994ರ ತಮ್ಮ ಪುಸ್ತಕದಲ್ಲಿ, ಹಣೆಯ ಹಿಂದಿನ ಮಿದುಳಿನ ಕೆಳ-ನಡುಭಾಗಕ್ಕೆ ಹಾನಿಯಾದ ಒಬ್ಬ ರೋಗಿಯ ವಿಷಯ ಬರೆದಿದ್ದಾರೆ. ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟರೆ, ಆತ ಸುಮಾರು ಅರ್ಧ ತಾಸು ಎರಡರ ಪರ-ವಿರೋಧ ಕಾರಣಗಳನ್ನೂ ಹೇಳುತ್ತಾ ಕೂತ. ಬುದ್ಧಿಗೆ ಏನೂ ಆಗಿರಲಿಲ್ಲ. ಆದರೆ ‘ಇದು ಸಾಕು’ ಎಂದು ಒಳಗಿನಿಂದ ಹೇಳುವವರು ಇರಲಿಲ್ಲ. ಕೊನೆಗೆ ವೈದ್ಯರೇ ಎರಡನೆಯ ದಿನ ಬನ್ನಿ ಎಂದಾಗ, ಆಯಿತು ಎಂದು ಎದ್ದು ಹೋದ.

ಮಿತ್ರರೇ, ಪದವಿ ಮುಗಿಯುತ್ತಾ ಬಂತು. ಬ್ಯಾಂಕ್ ಪರೀಕ್ಷೆಯೋ, ಸಿ.ಎ.ಯೋ, ಊರಿನ ಹೊಲವೋ ಎಂಬ ಮಾತು ನಮ್ಮ ಮೆಸ್ಸಿನಲ್ಲಿ ದಿನಾ ನಡೀತದೆ. ‘ಲೆಕ್ಕ ಹಾಕು, ಮನಸ್ಸಿನ ಮಾತು ಕೇಳಬೇಡ’ ಎನ್ನುತ್ತಾರೆ ಹಿರಿಯರು. ಕೋತಿಯ ರಸದ ಆಯ್ಕೆಯೂ ನಮ್ಮ ಬದುಕಿನ ಆಯ್ಕೆಯೂ ಒಂದೇ ಅಲ್ಲ, ನಿಜ. ಆದರೆ ಲಾಭ-ನಷ್ಟದ ಪಟ್ಟಿ ಎಷ್ಟುದ್ದ ಬೆಳೆದರೂ ತಾನಾಗಿ ತೀರ್ಮಾನವಾಗುವುದಿಲ್ಲ. ಹಿಡಿಸಿತು, ಹಿಡಿಸಲಿಲ್ಲ ಎಂಬುದು ಲೆಕ್ಕದ ಶತ್ರುವಲ್ಲ, ಅದೂ ಲೆಕ್ಕದೊಳಗಿನ ಒಂದು ಕಲಮು. ಅದನ್ನು ಬಿಟ್ಟು ಆಢಾವೆ ತಯಾರಿಸಿದರೆ ಎರಡು ಬದಿ ಎಂದೂ ತಾಳೆಯಾಗವು.