ಮಕ್ಕಳಿಗಾಗಿ ಸರ್ಕಾರ ಕೊಡುವ ಹಣ: ಅಂದಾಜು ಮಾಡುವ ಬಗೆ



ಕಡಲೆ ಹೊಲದಲ್ಲಿ ಹೂ ತುಂಬಿ ನಿಂತಾಗ ಇಳುವರಿ ಇಷ್ಟೇ ಎಂದು ಯಾರೂ ಹೇಳುವುದಿಲ್ಲ. ಹೂ ಉದುರುವುದುಂಟು, ಕಾಯಿಕೊರಕ ತಿನ್ನುವುದುಂಟು, ಕೆಲವು ಕಾಯಿ ಜೊಳ್ಳಾಗುವುದುಂಟು. ಇವನ್ನೆಲ್ಲ ಕಳೆದು ಉಳಿದದ್ದೇ ಇಳುವರಿ. ಆದರೆ ಸರ್ಕಾರದಿಂದ ಮಕ್ಕಳ ಹೆಸರಿಗೆ ಬರುವ ಹಣದ ವಿಷಯದಲ್ಲಿ ಅನೇಕರು ಹೂವನ್ನೇ ಎಣಿಸಿ ಚೀಲ ಹೊಲಿಸುತ್ತಾರೆ. "ಮಗಳ ಹೆಸರಿಗೆ ಒಂದು ಲಕ್ಷವಿದೆ" ಎಂಬ ಮಾತಿನ ಮೇಲೆ ಸಾಲವೂ ಹುಟ್ಟುತ್ತದೆ, ಮದುವೆಯ ಮಾತುಕತೆಯೂ ನಡೆಯುತ್ತದೆ. ಕಡಿಮೆ ಆದಾಯದ ಕುಟುಂಬಕ್ಕೆ ಇಂಥ ತಪ್ಪು ಅಂದಾಜು, ಬೆಳೆ ಹೋದಷ್ಟೇ ನಷ್ಟ ತರಬಲ್ಲದು. ಆದುದರಿಂದ ವರ್ಷದ ಬೇಸಾಯದ ಜಮಾ-ಖರ್ಚು ಬರೆಯುವಾಗಲೇ ಈ ಹಣದ ಲೆಕ್ಕವನ್ನೂ ಬರೆದಿಡುವುದು ಒಳ್ಳೆಯದು.

ಮೂರು ಕಲಮುಗಳು

ಒಂದು ಹಾಳೆಯ ಮೇಲೆ ಮೂರು ಕಲಮು ಎಳೆಯಿರಿ. ಮೊದಲನೆಯದು, ಕೈಗೆ ಬರುವ ಹಣ. ಎರಡನೆಯದು, ಗಂಟಾಗಿ ನಿಲ್ಲುವ ಹಣ. ಮೂರನೆಯದು, ಮಂಜೂರಾದರೆ ಮಾತ್ರ ಬರುವ ಹಣ. ಈ ಮೂರನ್ನು ಎಂದಿಗೂ ಒಟ್ಟಿಗೆ ಕೂಡಿಸಕೂಡದು. ಪ್ರತಿ ಮೊತ್ತದ ಪಕ್ಕದಲ್ಲಿ ಅದಕ್ಕಿರುವ ಷರತ್ತನ್ನೂ ಬರೆಯಬೇಕು.

1) ಕೈಗೆ ಬರುವ ಹಣ

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ 2017ರಲ್ಲಿ ಆರಂಭವಾಯಿತು. 2022ರ ಏಪ್ರಿಲ್‌ನಿಂದ ಅನ್ವಯವಾದ ಪರಿಷ್ಕೃತ ನಿಯಮದಂತೆ ಮೊದಲನೆಯ ಮಗುವಿಗೆ ಒಟ್ಟು 5,000 ರೂ. ಎರಡು ಕಂತುಗಳಲ್ಲಿ ದೊರೆಯುತ್ತದೆ. ಗರ್ಭಿಣಿಯು ಹೆಸರು ನೋಂದಾಯಿಸಿ, ಆರು ತಿಂಗಳೊಳಗೆ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡರೆ 3,000 ರೂ. ಮಗುವಿನ ಜನನ ನೋಂದಣಿಯಾಗಿ, ಮೂರೂವರೆ ತಿಂಗಳವರೆಗಿನ ಚುಚ್ಚುಮದ್ದುಗಳು ಮುಗಿದರೆ ಉಳಿದ 2,000 ರೂ. ಎರಡನೆಯ ಮಗು ಹೆಣ್ಣಾದರೆ 6,000 ರೂ. ಒಂದೇ ಕಂತಿನಲ್ಲಿ ಬರುತ್ತದೆ. ಎರಡನೆಯದು ಗಂಡಾದರೆ ಈ ಯೋಜನೆಯಲ್ಲಿ ಹಣವಿಲ್ಲ.

ಬಿ.ಪಿ.ಎಲ್. ಪಡಿತರ ಚೀಟಿ, ಉದ್ಯೋಗ ಖಾತರಿ ಕಾರ್ಡು ಇರುವವರಷ್ಟೇ ಅಲ್ಲದೆ, ಪಿ.ಎಂ. ಕಿಸಾನ್ ನೆರವು ಪಡೆಯುತ್ತಿರುವ ರೈತ ಮಹಿಳೆಯರೂ ಇದಕ್ಕೆ ಅರ್ಹರು ಎಂಬುದನ್ನು ಗಮನಿಸಬೇಕು.

ಜನನಿ ಸುರಕ್ಷಾ ಯೋಜನೆಯಡಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಿ.ಪಿ.ಎಲ್. ಹಾಗೂ ಪರಿಶಿಷ್ಟ ಜಾತಿ, ಪಂಗಡಗಳ ತಾಯಂದಿರಿಗೆ ನಮ್ಮ ರಾಜ್ಯದ ಗ್ರಾಮಾಂತರ ಪ್ರದೇಶದಲ್ಲಿ 700 ರೂ. ನಿಗದಿಯಾಗಿದೆ.

ಈಗ ಎರಡು ಎಕರೆ ಮಳೆಯಾಶ್ರಿತ ಜಮೀನಿರುವ ಒಂದು ಬಿ.ಪಿ.ಎಲ್. ಕುಟುಂಬವನ್ನು ತೆಗೆದುಕೊಳ್ಳೋಣ. ಅವರಿಗೆ ನಾಲ್ಕು ವರ್ಷಗಳ ಅಂತರದಲ್ಲಿ ಇಬ್ಬರು ಹೆಣ್ಣುಮಕ್ಕಳು ಎಂದಿಟ್ಟುಕೊಳ್ಳಿ.

ಮೊದಲ ಮಗುವಿಗೆ: 3,000 + 2,000 + 700 = 5,700 ರೂ.
ಎರಡನೆಯ ಮಗುವಿಗೆ: 6,000 + 700 = 6,700 ರೂ.
ಒಟ್ಟು: 12,400 ರೂ.

ಎರಡನೆಯ ಮಗು ಗಂಡಾಗಿದ್ದರೆ ಒಟ್ಟು ಮೊತ್ತ 6,400 ರೂ. ಮಾತ್ರ. ಮೊದಲನೆಯ ಕಲಮಿನಲ್ಲಿ ಬರೆಯಬಹುದಾದ ಹಣ ಇಷ್ಟೇ.

2) ಗಂಟಾಗಿ ನಿಲ್ಲುವ ಹಣ

ರಾಜ್ಯದ ಭಾಗ್ಯಲಕ್ಷ್ಮಿ ಯೋಜನೆ ಬಡ ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ ಅನ್ವಯಿಸುತ್ತದೆ. ಇದರಲ್ಲಿ ಮಗು ಹುಟ್ಟಿದ ಕಾಲಕ್ಕೆ ತಕ್ಕಂತೆ ಮೊತ್ತ ಬೇರೆ ಬೇರೆ. ಗೊಂದಲವಾಗುವುದು ಇಲ್ಲಿಯೇ.

ಯೋಜನೆ ಶುರುವಾದ 2006ರಲ್ಲಿ ಮಗುವಿನ ಹೆಸರಿಗೆ 10,000 ರೂ. ಠೇವಣಿ ಇಡಲಾಗುತ್ತಿತ್ತು. 18 ವರ್ಷ ತುಂಬಿದಾಗ ಮೊದಲ ಮಗುವಿಗೆ ಸಿಗುವ ಮೊತ್ತ 34,751 ರೂ. 2008ರಲ್ಲಿ ಯೋಜನೆಯನ್ನು ಪರಿಷ್ಕರಿಸಿ ಮೊದಲ ಮಗುವಿಗೆ 19,300 ರೂ., ಎರಡನೆಯದಕ್ಕೆ 18,350 ರೂ. ಠೇವಣಿ ಇಡಲಾಯಿತು. ಒಂದು ಲಕ್ಷದ ಮಾತು ಬಂದದ್ದು ಈ ಪರಿಷ್ಕರಣೆಯಿಂದ. ಆದುದರಿಂದ 2006, 2007ರಲ್ಲಿ ಹುಟ್ಟಿದ ಮಗಳಿಗೆ ಲಕ್ಷ ರೂಪಾಯಿ ಎಣಿಸಿಕೊಂಡಿದ್ದರೆ ಅಂದಾಜು ಮೂರು ಪಟ್ಟು ಹೆಚ್ಚಾಯಿತು. ಪೆಟ್ಟಿಗೆಯಲ್ಲಿರುವ ಬಾಂಡನ್ನು ತೆಗೆದು ಅದರಲ್ಲಿ ನಮೂದಾದ ಮೊತ್ತ, ಹೆಸರು, ಜನ್ಮದಿನಾಂಕ ಇವನ್ನು ಓದಿ ನೋಡಿ. ಹೆಸರು ಅಥವಾ ದಿನಾಂಕ ಶಾಲಾ ದಾಖಲೆಗೆ, ಆಧಾರ್‌ಗೆ ಹೊಂದದಿದ್ದರೆ ಈಗಲೇ ತಿದ್ದಿಸಿಕೊಳ್ಳುವುದು ಮೇಲು.

2020-21ರಿಂದ ಈ ವಿಧಾನ ಬದಲಾಗಿ, ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 3,000 ರೂ. ನಂತೆ 15 ವರ್ಷ, ಒಟ್ಟು 45,000 ರೂ. ತುಂಬುವ ಕ್ರಮ ಬಂತು. ಖಾತೆ ತೆರೆದು 21 ವರ್ಷಕ್ಕೆ ಹಣ ಪಕ್ವವಾಗುತ್ತದೆ. ಆಗ ಎಷ್ಟಾದೀತು? ಅದು ಬಡ್ಡಿ ದರವನ್ನು ಅವಲಂಬಿಸಿದೆ. ಈ ದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2024ರ ಜನವರಿಯಲ್ಲಿ ಅದು ಶೇಕಡ 8.2 ಆಯಿತು.

ಪ್ರತಿ ವರ್ಷದ ಆರಂಭದಲ್ಲೇ ಹಣ ತುಂಬಿದರೆ ಸರಾಸರಿ ಶೇಕಡ 7ರಂತೆ ಸುಮಾರು 1,21,000 ರೂ., ಶೇಕಡ 8ರಂತೆ ಸುಮಾರು 1,39,600 ರೂ. ಆಗುತ್ತದೆ. ದರದಲ್ಲಿ ಒಂದು ಅಂಕಿ ಹೆಚ್ಚು ಕಡಿಮೆಯಾದರೆ ಹದಿನೆಂಟು ಸಾವಿರಕ್ಕೂ ಮೀರಿ ವ್ಯತ್ಯಾಸ. ಆದುದರಿಂದ ಇಲ್ಲಿ ಒಂದೇ ಅಂಕಿ ಬರೆಯದೆ "1.20ರಿಂದ 1.40 ಲಕ್ಷ" ಎಂದು ಬರೆಯುವುದು ಸರಿಯಾದ ಕ್ರಮ.

ಇನ್ನೊಂದು ಅಂಶವನ್ನು ಮರೆಯಬಾರದು. ವರ್ಷಕ್ಕೆ ಶೇಕಡ 5ರಂತೆ ಬೆಲೆ ಏರುತ್ತ ಹೋದರೆ, 21 ವರ್ಷಗಳ ನಂತರದ 1.30 ಲಕ್ಷ ರೂಪಾಯಿಗೆ ಇಂದಿನ ಸುಮಾರು 46,700 ರೂಪಾಯಿಯ ಕೊಳ್ಳುವ ಶಕ್ತಿ ಮಾತ್ರ ಇರುತ್ತದೆ. ಮಗಳ ಓದಿಗೆ ಇದು ಆಸರೆಯಾದೀತೇ ಹೊರತು ಇಡೀ ಖರ್ಚನ್ನು ಹೊರಲಾರದು. ಹದಿನೆಂಟಕ್ಕೆ ಮೊದಲೇ ಮದುವೆ ಮಾಡಿದರೆ ಈ ಸೌಲಭ್ಯವೇ ಕೈತಪ್ಪುತ್ತದೆ.

3) ಮಂಜೂರಾದರೆ ಬರುವ ಹಣ

ಮನೆಯ ಯಜಮಾನ ತೀರಿಕೊಂಡು ಮಕ್ಕಳ ಭಾರ ತಾಯಿಯ ಮೇಲೆ ಬಿದ್ದಿದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ನೆರವಿಗೆ ಅರ್ಜಿ ಹಾಕಬಹುದು. 2022ರ ಮಾರ್ಗಸೂಚಿಯಂತೆ ಒಂದು ಮಗುವಿಗೆ ತಿಂಗಳಿಗೆ 4,000 ರೂ., ಅಂದರೆ ವರ್ಷಕ್ಕೆ 48,000 ರೂ. ಗ್ರಾಮಾಂತರದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂ. ಮೀರಿರಬಾರದು. ಮೊತ್ತ ದೊಡ್ಡದು, ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗುವುದೆಂದು ಭಾವಿಸಕೂಡದು. ಜಿಲ್ಲಾ ಮಟ್ಟದ ಸಮಿತಿ ಒಪ್ಪಬೇಕು. ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಈ ಕಲಮಿನಲ್ಲಿ ಸೊನ್ನೆಯನ್ನೇ ಬರೆಯಿರಿ. ಆದರೆ ಅರ್ಜಿ ಹಾಕುವುದನ್ನು ಮಾತ್ರ ಬಿಡಬೇಡಿ. ಊರಿನಲ್ಲಿ ಇಂಥ ಕುಟುಂಬವಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದಾರಿ ತೋರಿಸುವುದು ನೆರೆಹೊರೆಯವರ ಕರ್ತವ್ಯ.

ಬರುವ ಹಣದ ಮೇಲೆ ಸಾಲ ಬೇಡ

ಹೆರಿಗೆಯ ಖರ್ಚಿಗೆಂದು, ಮಾತೃ ವಂದನೆಯ 5,000 ರೂ. ಬಂದೊಡನೆ ತೀರಿಸುವೆನೆಂದು, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದಿರಿ ಎನ್ನೋಣ. ತಿಂಗಳಿಗೆ 150 ರೂ. ಬಡ್ಡಿ. ದಾಖಲೆಯ ತೊಡಕಿನಿಂದ ಹಣ ಒಂದು ವರ್ಷ ತಡವಾದರೆ ಬಡ್ಡಿಯೇ 1,800 ರೂ. ತಾಯಿಯ ಪೌಷ್ಟಿಕ ಆಹಾರಕ್ಕೆ, ವಿಶ್ರಾಂತಿಗೆ ಎಂದು ಕೊಟ್ಟ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸಾಹುಕಾರನ ಪಾಲಾಯಿತು. ಕೈಗೆ ಬರುವ ಹಣವಾದರೂ ಖಾತೆಗೆ ಬಿದ್ದ ಮೇಲೆ ಮಾತ್ರ ಖರ್ಚಿಗೆ ಎಣಿಸಿಕೊಳ್ಳುವುದು ಕ್ಷೇಮ.

ಸೋರಿಕೆ ತಡೆಯಲು

ಬೆಳೆಯಲ್ಲಿ ಸಕಾಲದ ಬಿತ್ತನೆ ಹೇಗೋ ಇಲ್ಲಿ ಸಕಾಲದ ದಾಖಲೆ ಹಾಗೆ.

1) ಗರ್ಭಿಣಿಯೆಂದು ತಿಳಿದ ಕೂಡಲೇ ಅಂಗನವಾಡಿಯಲ್ಲಿ ಹೆಸರು ಬರೆಸಿ, ಆಶಾ ಕಾರ್ಯಕರ್ತೆಯ ಮೂಲಕ ತಾಯಿ ಕಾರ್ಡ್ ಪಡೆಯಬೇಕು.

2) ತಾಯಿಯ ಸ್ವಂತ ಹೆಸರಿನಲ್ಲಿ ಬ್ಯಾಂಕ್ ಅಥವಾ ಅಂಚೆ ಖಾತೆ ಇರಬೇಕು, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು.

3) ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು.

4) ಪ್ರತಿ ಚುಚ್ಚುಮದ್ದನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು.

5) ಭಾಗ್ಯಲಕ್ಷ್ಮಿಗೆ ಗಡುವಿದೆ. ಹೆಣ್ಣು ಮಗುವಿನ ಜನನ ಪತ್ರ ಸಿಕ್ಕ ತಕ್ಷಣ ಅಂಗನವಾಡಿಯಲ್ಲಿ ಅರ್ಜಿ ಕೊಡುವುದು ಒಳಿತು.

ಯೋಜನೆಗಳ ದರ ಮತ್ತು ನಿಯಮ ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಹಾಕುವ ಮುನ್ನ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಮೂರು ಕಲಮಿನ ಆ ಹಾಳೆಯನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲೇ ಇಟ್ಟುಕೊಂಡು, ಯುಗಾದಿಗೊಮ್ಮೆ ತೆಗೆದು ತಿದ್ದಿ ಬರೆಯಿರಿ. ಮನೆಯ ಹೆಣ್ಣುಮಕ್ಕಳಿಗೂ ಅದನ್ನು ಓದಿ ಹೇಳಿ. ಈ ಹಣ ಬರುವುದು ಅವರ ಹೆಸರಿಗೇ.